ತೂಬು ತೆಗೆಯುವ ಹೊತ್ತು

ಮೊನ್ನೆ ಸಂತೆಯಲ್ಲಿ ಹುಚ್ಚೆಳ್ಳು ಸಿಕ್ಕಿತು. ಬಹಳ ದಿನಗಳಿಂದ ಕಣ್ಣಿಗೆ ಬಿದ್ದಿರಲಿಲ್ಲ. ತಂದು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಚೂರು ಹುಣಸೆಹಣ್ಣು ಸೇರಿಸಿ ಪುಡಿ ಮಾಡಿದೆ. ಮಾರನೆಯ ದಿನ ಆಫೀಸಿನಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ಕೈ ಅಲ್ಲೇ ನಿಂತಿತು. ಎದುರಿನ ಕುರ್ಚಿಯಿಂದ ಯಾರೋ “ಮುಚ್ಚಳ ಇತ್ತ ತಳ್ಳವ್ವ” ಎಂದ ಹಾಗಾಯಿತು... ಕುರ್ಚಿಯ ಮೇಲೆ ಹಳೆಯ ಫೈಲುಗಳಿದ್ದವು, ಅಷ್ಟೆ.

ಅದು ನಮ್ಮ ಹಿಂದಿನ ಸೂಪರಿಂಟೆಂಡೆಂಟರು ಊಟಕ್ಕೆ ಕೂರುತ್ತಿದ್ದ ಕುರ್ಚಿ. ಕೆ.ಆರ್. ನಗರದ ನಮ್ಮ ಕಾಲೇಜಿನ ಆಫೀಸಿನಲ್ಲಿ ಎಲ್ಲರಿಗೂ ಅವರು ಮೇಡಂ, ನನಗೆ ಮಾತ್ರ ಅಕ್ಕ. ಸಾಲಿಗ್ರಾಮದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಪ್ರಿನ್ಸಿಪಾಲರ ಎದುರು ಇಸ್ತ್ರಿ ಹಾಕಿದ ಕನ್ನಡ, ನನ್ನೆದುರು ಊರ ಕನ್ನಡ. ಅವರ ಅಪ್ಪ ನೀರುಗಂಟಿಯಾಗಿದ್ದವರು. ಚುಂಚನಕಟ್ಟೆ ಕಡೆಯಿಂದ ಬರುವ ನಾಲೆಯ ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ. ಮಗಳು ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ ಎಂದು ನಾವು ನಗುತ್ತಿದ್ದೆವು.

ನಗದೆ ಏನು ಮಾಡುವುದು? ಆಫೀಸಿನ ಈಮೇಲನ್ನು ಅವರು ದಿನಕ್ಕೆ ಎರಡೇ ಸಲ ತೆರೆಯುತ್ತಿದ್ದರು. ಬೆಳಿಗ್ಗೆ ಕಾಫಿ ಆದ ಮೇಲೆ ಒಮ್ಮೆ, ಸಂಜೆ ಬಸ್ಸಿಗೆ ಹೊರಡುವ ಮುಂಚೆ ಒಮ್ಮೆ. ತೆರೆದರೆ ಎಲ್ಲವನ್ನೂ ಓದಿ, ಉತ್ತರ ಬರೆದು ಮುಗಿಸಿಯೇ ಏಳುತ್ತಿದ್ದರು. ನಡುವೆ ಯಾರಾದರೂ “ಮೇಡಂ, ಮೇಲ್ ಬಂದಿದೆಯಂತೆ” ಎಂದರೆ “ಸರದಿ ಬರ್ಲಿ, ತಡ್ಕೊ” ಎಂಬ ಒಂದೇ ಉತ್ತರ. ಯೂನಿವರ್ಸಿಟಿಯಿಂದ ಬರುವ ಪ್ರತಿಯೊಂದು ಈಮೇಲಿನ ನೆತ್ತಿಯ ಮೇಲೂ ‘ತುರ್ತು’ ಎಂದಿರುತ್ತಿತ್ತು. “ಎಲ್ಲಾರೂ ಬೀಗ್ರೇ ಆದ್ರೆ ಬಡ್ಸೋರು ಯಾರವ್ವ?” ಎನ್ನುತ್ತಿದ್ದರು.

ಒಮ್ಮೆ ಕೇಳಿದ್ದೆ, ಇಷ್ಟೊಂದು ಹಟ ಯಾಕೆ ಎಂದು. “ಕೂಗ್ದೋರಿಗೆಲ್ಲ ತೂಬು ತೆಗುದ್ರೆ ಕಡೇ ಗದ್ದೆ ಒಣಗೋಯ್ತದೆ ಕಣವ್ವ. ಕಡೇ ಗದ್ದೆಯೋನು ಅಲ್ಲಿಂದ ಕೂಗುದ್ರೂ ತೂಬಿನ್ ತಾವ ಕೇಳ್ಸಾಕಿಲ್ಲ. ನಮ್ಮಪ್ಪ ಅವ್ನ ನೆನುಸ್ಕಂಡೇ ತೂಬಿಗೆ ಬೀಗ ಹಾಕ್ತಿದ್ದಿದ್ದು” ಎಂದರು. ಅವರ ಕಡೇ ಗದ್ದೆ ಎಂದರೆ ಆಫೀಸಿನ ಕಿಟಕಿಯ ಮುಂದೆ ಬಾಯಿ ಬಿಡದೆ ನಿಂತವರು. ಗಾವಡಗೆರೆ ಕಡೆಯಿಂದಲೋ ಎಲ್ಲಿಂದಲೋ ಮಗಳ ಟಿ.ಸಿ. ಕೇಳಲು ಬಂದು, ಕೇಳುವುದಕ್ಕೇ ಹೆದರಿ ಸೆರಗು ತಿರುಚುತ್ತಾ ನಿಂತ ತಾಯಂದಿರು. ಅಕ್ಕ ಅವರನ್ನು ಒಳಗೆ ಕರೆದು ಕೂರಿಸಿಯೇ ಕೆಲಸ ಶುರುಮಾಡುತ್ತಿದ್ದರು.

ಹೊಸ ಪ್ರಿನ್ಸಿಪಾಲರಿಗೆ ಈ ಸರದಿ ಹಿಡಿಸಲಿಲ್ಲ. ಅವರ ಕೋಣೆ ನಮ್ಮ ಗೋಡೆಯ ಆಚೆಗೇ ಇತ್ತು. ಅವರು ಕೆಮ್ಮಿದರೆ ನಮಗೆ ಕೇಳುತ್ತಿತ್ತು. ಆದರೂ ಏನೇ ಬೇಕಾದರೂ ಈಮೇಲು ಕಳಿಸುತ್ತಿದ್ದರು. ಒಂದು ಮಧ್ಯಾಹ್ನ ಯಾವುದೋ ಪಟ್ಟಿ ಬೇಕೆಂದು ಕಳಿಸಿ, ಕಾದು ಕಾದು, ಕೊನೆಗೆ ಕೆಂಪಗಾಗಿ ಬಾಗಿಲಲ್ಲಿ ಬಂದು ನಿಂತರು. ಅಕ್ಕ ಎದ್ದು ನಿಂತು, “ಸಾರ್, ಅರ್ಜೆಂಟ್ ಇದ್ದರೆ ಒಂದು ಕೂಗು ಹಾಕಿ, ಓಡಿ ಬರುತ್ತೇನೆ. ನಿಧಾನಕ್ಕಾದರೂ ಆಗುತ್ತದೆ ಅಂದರೆ ಮೇಲ್ ಹಾಕಿ” ಎಂದರು. ಅವರು ದುಮುಗುಡುತ್ತಾ ಹೋಗಿ ಮೆಮೊ ಕೊಟ್ಟರು, ಅದನ್ನೂ ಈಮೇಲಿನಲ್ಲೇ. ಅಕ್ಕ ಸಂಜೆ, ಸರದಿ ಬಂದಾಗ, ವಿನಯವಾಗಿ ಉತ್ತರ ಬರೆದರು. ಆಮೇಲಾಮೇಲೆ ಆ ಪುಣ್ಯಾತ್ಮರೂ ಕೂಗುವುದನ್ನು ಕಲಿತರು.

ನಾನು ಕಲಿತದ್ದು ಬೇರೆ ರೀತಿಯಲ್ಲಿ. ನನ್ನ ಯಜಮಾನರು ತೀರಿಕೊಂಡ ಹೊಸತು. ನಮಗೆ ಮಕ್ಕಳಿರಲಿಲ್ಲ. ತಿಥಿ ಮುಗಿಸಿ ಕೆಲಸಕ್ಕೆ ಬಂದವಳು ಪರೀಕ್ಷಾ ವಿಭಾಗದ ಈಮೇಲನ್ನು ಒಂದು ಗಳಿಗೆಯೂ ಮುಚ್ಚುತ್ತಿರಲಿಲ್ಲ. ಟಿಣ್ ಎಂದರೆ ತೆರೆಯುವುದು, ಎನ್ನದಿದ್ದರೂ ತೆರೆಯುವುದು. ಮನೆಗೆ ಹೋದರೂ ಫೋನಿನಲ್ಲಿ ಅದೇ. ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ಗೊತ್ತಾಗುತ್ತಿರಲಿಲ್ಲ. ಎಷ್ಟು ಚುರುಕಾಗಿ ಕೆಲಸ ಮಾಡುತ್ತಾಳೆ ಎಂದು ಎಲ್ಲರೂ ಹೊಗಳಿದರು. ನಿಜ ಹೇಳಬೇಕೆಂದರೆ ಒಂದು ಕೆಲಸವೂ ನೆಟ್ಟಗೆ ಮುಗಿಯುತ್ತಿರಲಿಲ್ಲ. ಊಟವೂ ಅಷ್ಟೆ, ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಮೌಸು.

ಅಂಥದೊಂದು ಮಧ್ಯಾಹ್ನ ಅಕ್ಕ ತಮ್ಮ ಡಬ್ಬಿ ಹಿಡಿದು ನನ್ನ ಮೇಜಿಗೆ ಬಂದರು. ಕಂಪ್ಯೂಟರಿನ ಪರದೆ ಆರಿಸಿದರು. “ಯಾರು ಕರೀಲಿ ಅಂತ ಕಾಯ್ತಾ ಇದ್ದೀಯವ್ವ?” ಎಂದರು.

ನನಗೆ ರೇಗಿಹೋಯಿತು. ಏನೋ ಹೇಳಬೇಕೆಂದು ಬಾಯಿ ತೆರೆದೆ... ಅಳು ಬಂತು. ಹೆಣದ ಮುಂದೆಯೂ ಸರಿಯಾಗಿ ಅತ್ತವಳಲ್ಲ ನಾನು. ಅವರು ಕೇಳಿದ್ದು ನಿಜವಾಗಿತ್ತು. ‘ಡಿಯರ್ ಮೇಡಂ’ ಎಂದು ಕರೆಯುವವರಾದರೂ ಅಲ್ಲಿದ್ದರಲ್ಲ, ಮನೆಯಲ್ಲಿ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಅಕ್ಕ ಡಬ್ಬಿಯ ಮುಚ್ಚಳಕ್ಕೆ ಹುಚ್ಚೆಳ್ಳು ಪುಡಿ ಸುರಿದು, ಎಣ್ಣೆ ಬಿಟ್ಟು ನನ್ನ ಕಡೆಗೆ ತಳ್ಳಿದರು. “ಉಣ್ಣು ಮೊದ್ಲು. ಮೇಲ್ ಎಲ್ಲೂ ಹೋಗಾಕಿಲ್ಲ, ಬುಡು.”

ಅಂದಿನಿಂದ ಆ ಹೊತ್ತು ನಮ್ಮಿಬ್ಬರದಾಯಿತು. ಪರದೆ ಆರಿರುತ್ತಿತ್ತು. ಒಂದು ದಿನ ಅವರ ಮುಚ್ಚಳ, ಒಂದು ದಿನ ನನ್ನದು. ದೊಡ್ಡ ಮಾತುಗಳೇನೂ ಇಲ್ಲ... ಅವರ ಹಸು, ಬಸ್ಸಿನಲ್ಲಿ ಸಿಕ್ಕ ಸೀಟು, ಸಿಗದ ಸೀಟು. ನಾನೂ ಎರಡೇ ಸಲ ಈಮೇಲು ತೆರೆಯುವುದನ್ನು ರೂಢಿ ಮಾಡಿಕೊಂಡೆ. ಯಾರೂ ನನ್ನನ್ನು ಬೈಯಲಿಲ್ಲ, ಪರೀಕ್ಷೆಗಳೂ ನಿಲ್ಲಲಿಲ್ಲ. ಮನೆಗೆ ಹೋದರೆ ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತಿದ್ದೆ.

ಅಕ್ಕ ನಿವೃತ್ತರಾದರು. ಆಮೇಲೆ ನಮ್ಮ ಊಟದ ಹೊತ್ತಿಗೆ ಸರಿಯಾಗಿ ಫೋನು ಮಾಡಿ, “ಪರದೆ ಆರ್ಸಿದ್ದೀಯೇನವ್ವ?” ಎಂದು ಕೇಳುತ್ತಿದ್ದರು. ಹೋದ ವರ್ಷ ಒಂದು ಮಧ್ಯಾಹ್ನ ಅದೇ ಹೊತ್ತಿಗೆ, ಅದೇ ನಂಬರಿನಿಂದ ಫೋನು ಬಂತು. ನಾನು ನಗುತ್ತಲೇ ಎತ್ತಿಕೊಂಡು “ಆರ್ಸಿದೀನಿ ಕಣಕ್ಕಾ” ಎಂದೆ. ಆ ಕಡೆ ಇದ್ದದ್ದು ಅವರ ತಂಗಿ. “ನಮ್ಮಕ್ಕ ಹೋಗ್ಬುಟ್ಲು ಕಣವ್ವ” ಎಂದರು. ನಿಜವಾಗಿ ತುರ್ತಿನದು ಕೂಗಿಯೇ ಬಂತು, ಅಕ್ಕ ಹೇಳಿದ್ದ ಹಾಗೆಯೇ.

ಈಗ ಅವರ ಕೆಲಸ ನನ್ನದು. ಈಮೇಲು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕಿಟಕಿಯ ಮುಂದೆ ನಿಂತವರನ್ನು ಒಳಗೆ ಕರೆಯುತ್ತೇನೆ. ಕೆಲಸ ಬೇಗ ಮುಗಿಯುತ್ತದೆ, ಮಧ್ಯಾಹ್ನ ಹೊತ್ತು ಉಳಿಯುತ್ತದೆ. ಇಬ್ಬರಿಗೆ ಸಾಲದಾಗಿದ್ದ ಆ ಹೊತ್ತು ಒಬ್ಬಳಿಗೆ ತೀರಾ ಉದ್ದ. ಹೊಸ ಹುಡುಗಿಯರು ಕ್ಯಾಂಟೀನಿಗೆ ಹೋಗುತ್ತಾರೆ. ನಾನು ಫೋನನ್ನು ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ, ಯಾರಾದರೂ ಕೂಗಿದರೆ ಕೇಳಲಿ ಎಂದು. ನನ್ನನ್ನು ಕೂಗುವವರು ಯಾರಿದ್ದಾರೆ...

ಹುಚ್ಚೆಳ್ಳು ತಂದ ಮಾರನೆಯ ದಿನವೂ ಪುಡಿಯನ್ನು ಮುಚ್ಚಳಕ್ಕೆ ಸುರಿದು, ಎಣ್ಣೆ ಬಿಟ್ಟು, ಮೇಜಿನ ಆಚೆಗೆ ತಳ್ಳಿದೆ. ತಳ್ಳಿದ ಮೇಲೆಯೇ ನನಗೆ ಅರಿವಾದದ್ದು. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಕೂಗಲ್ಲ, ಈಮೇಲು. “ಸರದಿ ಬರ್ಲಿ, ತಡ್ಕೊ” ಎಂದೆ, ಅವರದೇ ಧಾಟಿಯಲ್ಲಿ, ಕೊಂಚ ಜೋರಾಗಿಯೇ.

ನಗುವವರು ಯಾರೂ ಇರಲಿಲ್ಲ. ಮುಚ್ಚಳವನ್ನು ನನ್ನ ಕಡೆಗೆ ಎಳೆದುಕೊಂಡು ಉಂಡೆ.