ಒಕ್ಕಣೆ ಮಾವ ಬರೆದ ಪತ್ರ

ನನ್ನ ಸೋದರಮಾವನಿಗೆ ನಮ್ಮ ಹೊಲಿಗೆ ಶೆಡ್ಡಿನ ಹೆಂಗಸರು ಇಟ್ಟ ಹೆಸರು ಒಕ್ಕಣೆ ಮಾವ. ನೂಲು ಬೇಕೆಂದು ಅಂಗಡಿಗೆ ಬರೆಯುವ ಚೀಟಿಯಲ್ಲೂ ಮಾವ ಮೊದಲು ಅಂಗಡಿಯವನ ಕ್ಷೇಮ ವಿಚಾರಿಸಿ, ಅವನ ಅಪ್ಪನ ಒಳ್ಳೆಯತನ ನೆನೆದು, ಕಡೆಗೆ ಕಾಗದದ ಮೂಲೆಯಲ್ಲಿ ನೂಲಿನ ಬಣ್ಣ ತಿಳಿಸುವವರು. ಓದುವವನಿಗೆ ತಾಳ್ಮೆ ಇದ್ದರೆ ನಮಗೆ ನೂಲು, ಇಲ್ಲದಿದ್ದರೆ ಇಲ್ಲ. ಆದರೂ ತಮ್ಮ ಹೊಲಿಗೆ ಶೆಡ್ಡು ಇಷ್ಟು ವರ್ಷ ನಿಂತಿರುವುದೇ ಆ ಒಕ್ಕಣೆಯಿಂದ ಎಂದು ಮಾವ ನಂಬಿದ್ದರು.

ನಮಗಿದ್ದ ಗಿರಾಕಿ ಒಂದೇ, ದೊಡ್ಡಾಸ್ಪತ್ರೆ. ಅಲ್ಲಿನ ಹಾಸಿಗೆ ಹೊದಿಕೆ, ದಿಂಬಿನ ಕವರು, ಡಾಕ್ಟರರ ಗೌನು ಎಲ್ಲ ಹೊಲಿಯುವವರು ನಾವೇ. ಬಟ್ಟೆ ಕತ್ತರಿಸುವ ಮೇಜು ನನ್ನದು. ಮಾವನ ಪತ್ರಗಳನ್ನು ಚಹಾ ಕುಡಿಯುತ್ತಾ ಓದುತ್ತಿದ್ದ ಹಳೆಯ ಅಧಿಕಾರಿ ನಿವೃತ್ತರಾದರು. ಹೊಸಬರು ಬಂದವರೇ ಕೆಲಸವನ್ನು ಬೇರೆ ಕಂಪನಿಗೆ ಕೊಡಲು ಹೊರಟರು. ಆಸ್ಪತ್ರೆಯ ಗುಮಾಸ್ತ ಪುಣ್ಯಾತ್ಮ, ಫೋನ್ ಮಾಡಿ ಹೇಳಿದ: "ಕೆಲಸ ನಿಮಗೇ ಬೇಕಂದ್ರೆ ಬೇಗ ಬರ್ದು ಕೊಡಿ. ಇಲ್ದಿದ್ರೆ ಕೈ ತಪ್ಪಿ ಹೋಗುತ್ತೆ."

ಶೆಡ್ಡಿನಲ್ಲಿ ಎಲ್ಲರೂ ಕೈಕೆಲಸ ಬಿಟ್ಟು ಮಾವನ ಸುತ್ತ ಸೇರಿದರು. ಗುಂಡಿ ಹಾಕುವ ಅಜ್ಜಿಯ ಕಣ್ಣು ಮಂಜಾಗಿದೆ, ಅವಳಿಗೆ ಬೇರೆ ಯಾರು ಕೆಲಸ ಕೊಟ್ಟಾರು? ನನಗಾದರೂ ಇನ್ನೆಲ್ಲಿಯ ಮೇಜು? ಕಾಗದ, ಪೆನ್ನು ತಂದು ಮಾವನ ಮುಂದಿಟ್ಟೆ.

"ಮಾವ, ಮೊದಲನೇ ಸಾಲಲ್ಲೇ ಬರೀರಿ, ಕೆಲಸ ನಮಗೇ ಬೇಕು ಅಂತ."

"ಹೊಸ್ತಿಲು ದಾಟೋಕೆ ಮುಂಚೆ ಕೈ ಚಾಚ್ತಾರೇನೇ? ಕೂತು ನಾಲ್ಕು ಒಳ್ಳೆ ಮಾತಾಡಿ ಆಮೇಲೆ ಕೇಳ್ಬೇಕು."

"ಕೂರ್ಸಿ ಮಾತಾಡ್ಸೋ ಪುರುಸೊತ್ತು ಅವರಿಗೆಲ್ಲಿದೆ?"

"ಪತ್ರ ಬರೆಯೋದನ್ನ ನಂಗೆ ಕಲಿಸ್ಬೇಡ."

ಬರೆದರು, ಹರಿದರು, ಮತ್ತೆ ಬರೆದರು. ಊಟಕ್ಕೆ ಕರೆದರೆ ಸಿಡುಕಿದರು. ನಾನು ಹೊರಗೆ ಹೋಗಿ ಕಾದೆ. ಮುಗಿದ ಮೇಲೆ ಓದಲು ಕೊಟ್ಟರು. ಆಸ್ಪತ್ರೆಯ ಉಪಕಾರ, ನರ್ಸುಗಳ ಪ್ರೀತಿ, ಸಾಂಕ್ರಾಮಿಕದ ಕಾಲದಲ್ಲಿ ನಾವು ನಿದ್ದೆಗೆಟ್ಟು ಗೌನು ಹೊಲಿದದ್ದು, ಅದಕ್ಕೆ ಅವಕಾಶ ಕೊಟ್ಟವರಿಗೆ ಕೃತಜ್ಞತೆ, ಪುಟದ ಮೇಲೆ ಪುಟ. ಕಟ್ಟಕಡೆಗೆ, "ಈ ಬಾಂಧವ್ಯ ಎಂದೆಂದಿಗೂ ಉಳಿಯಲೆಂದು ಹಾರೈಸುತ್ತೇವೆ." ನನಗೆ ಅಳುವೂ ಬಂತು, ಮೈಯೂ ಉರಿಯಿತು.

"ಇದ್ರಲ್ಲಿ ಕೆಲಸ ಕೇಳಿದ್ದು ಎಲ್ಲಿ ಮಾವ?"

"ತಿಳಿದವರಿಗೆ ಅಷ್ಟು ಸಾಕು," ಎಂದು ಇಸ್ತ್ರಿ ಅಂಗಿ ತೊಟ್ಟು ತಾವೇ ಕೊಟ್ಟು ಬಂದರು.

ಉತ್ತರ ಬಂದರೆ ಎಲ್ಲರ ಮುಂದೆ ನಿಂತು ಗಟ್ಟಿಯಾಗಿ ಓದುವುದು ಮಾವನ ಪದ್ಧತಿ. ಅಂದೂ ಯಂತ್ರಗಳನ್ನು ನಿಲ್ಲಿಸಿ ಲಕೋಟೆ ಒಡೆದರು.

"ತಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು." ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಮಾವ ನನ್ನ ಕಡೆ ಹುಬ್ಬು ಹಾರಿಸಿ ಮುಂದೆ ಓದಿದರು. "ಬಿಟ್ಟು ಹೋಗುವವರು ಇಷ್ಟು ಪ್ರೀತಿಯಿಂದ ಬೀಳ್ಕೊಂಡದ್ದನ್ನು ನಾವು ಕಂಡಿಲ್ಲ. ಪತ್ರಕ್ಕೆ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ್ದೇವೆ. ಹೊಸ ಕಂಪನಿಯವರಿಗೂ ಓದಲು ಹೇಳಿದ್ದೇವೆ. ತಮ್ಮ ವಿಶ್ರಾಂತ ಜೀವನ ಸುಖವಾಗಿರಲಿ."

ಕೊನೆಯ ಸಾಲಿಗೆ ಅವರ ದನಿ ನನಗಷ್ಟೇ ಕೇಳುವಷ್ಟು ಇಳಿದಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಇನ್ನೂ ನಗುತ್ತಲೇ ಇದ್ದಳು.

"ಎಷ್ಟು ಚೆಂದ ಬರ್ದಿದಾರಪ್ಪ. ಹಾಗಾದ್ರೆ ಬಟ್ಟೆ ಯಾವಾಗ ಬರುತ್ತೆ?"

ಮಾವ ಕಾಗದವನ್ನು ಮಡಿಚಿದರು.

"ಬರಲ್ಲ ಅಜ್ಜಿ. ಕೆಲಸ ಹೋಯ್ತು."