ನೋವಿಲ್ಲದ ಕೆಂಪು

ಐವತ್ತು ದಾಟಿದ ಮೇಲೂ ನಾನು ‘ಒಂದಕ್ಕೆ ಹೋಗಿ ಬರ್ತೇನೆ’ ಎಂದೇ ಹೇಳುವವನು. ಶಾಲೆಯಲ್ಲಿ ಬೆರಳೆತ್ತಿ ಕಲಿತ ಮಾತು. ಕನ್ನಡದಲ್ಲಿ ಇದಕ್ಕೆ ಹೆಸರಿಗೇನೂ ಬರವಿಲ್ಲ. ಪಂಡಿತರಿಗೆ ಅದು ಜಲಬಾಧೆ, ವೈದ್ಯರಿಗೆ ಮೂತ್ರ, ಮಕ್ಕಳಿಗೆ ಉಚ್ಚೆ. ಆದರೆ ಮೀಸೆ ನರೆತ ಗಂಡಸು ಇನ್ನೊಬ್ಬ ಗಂಡಸಿನ ಮುಖ ನೋಡಿಕೊಂಡು ಸಲೀಸಾಗಿ ಆಡಬಹುದಾದ ಪದ ನನಗಿನ್ನೂ ಸಿಕ್ಕಿಲ್ಲ. ಈ ಸಂಕೋಚ ಎಲ್ಲಿಗೆ ಮುಟ್ಟಿಸಬಹುದು ಎಂಬುದು ಬಸವರಾಜರ ವಿಷಯದಲ್ಲಿ ತಿಳಿಯಿತು.

ಬಸವರಾಜರು ಗದಗಿನ ಕಡೆಯವರು, ಇಲ್ಲಿ ಗಲ್ಫಿನ ಗ್ಯಾಸ್ ಪ್ಲಾಂಟೊಂದರಲ್ಲಿ ವೆಲ್ಡಿಂಗ್ ಫೋರ್‌ಮನ್. ನಾನು ಕುಂದಾಪುರದವನು, ಮುಶೈರಿಬ್‌ನ ಆಫೀಸೊಂದರಲ್ಲಿ ಕಟ್ಟಡದ ನಕ್ಷೆಗಳನ್ನು ಜೋಡಿಸಿಡುವವನು. ಅಲ್ ಮನ್ಸೂರಾದ ಫ್ಲ್ಯಾಟಿನಲ್ಲಿ ಏಳು ವರ್ಷದಿಂದ ಜೊತೆಗಿದ್ದೇವೆ. ಅವರ ಜೋಳದ ರೊಟ್ಟಿ, ನನ್ನ ಗಂಜಿ ಎರಡೂ ಒಂದೇ ಒಲೆಯ ಮೇಲೆ.

ಒಂದು ಶುಕ್ರವಾರ ಬೆಳಿಗ್ಗೆ ಅವರು ಬಚ್ಚಲಿನಿಂದ ಬಂದವರು ನಾನು ಚಹಾ ಸೋಸುತ್ತಿದ್ದಲ್ಲಿ ನಿಂತರು.

“ಕೆಂಪಗ ಹೋತ್ರೀ,” ಎಂದರು.

“ನೋವು ಉಂಟಾ?”

“ಏನೂ ಇಲ್ಲ.”

ನಮ್ಮ ಫ್ಲ್ಯಾಟಿನ ಅರ್ಧ ಡಾಕ್ಟರು ನಾನೇ. ಇಲ್ಲಿಯ ಬಿಸಿಲಲ್ಲಿ ದುಡಿಯುವವರಿಗೆ ಮೂತ್ರದಲ್ಲಿ ಕಲ್ಲಾಗುವುದು ಹೊಸದಲ್ಲ. ಕುಡಿದ ನೀರೆಲ್ಲ ಬೆವರಾಗಿ ಹೋಗುತ್ತದೆ. “ಕಲ್ಲು ಮಾರಾಯ್ರೆ. ಬಾರ್ಲಿ ನೀರು ಕುಡಿಯಿರಿ, ಹೋಗ್ತದೆ,” ಎಂದೆ. ಮರುದಿನ ಮೂತ್ರ ತಿಳಿಯಾಯಿತು. “ಖಲಾಸ್‌ರೀ,” ಎಂದು ಅವರು ನಕ್ಕರು. ನನ್ನ ಬಾರ್ಲಿಯ ಪ್ರತಾಪವನ್ನು ನಾನು ಆಫೀಸಿನಲ್ಲೂ ಹೇಳಿಕೊಂಡೆ.

ಎರಡು ತಿಂಗಳ ಮೇಲೆ, ನಾನು ಏಳುವ ಮೊದಲೇ ಅವರು ದಿನಾ ಬಾರ್ಲಿ ಬೇಯಿಸುತ್ತಿರುವುದು ಗಮನಕ್ಕೆ ಬಂತು. ಕೇಳಿದ್ದಕ್ಕೆ ತಲೆ ತಗ್ಗಿಸಿದರು. ಮತ್ತೆ ಮೂರು ಸಲ ಕೆಂಪಾಗಿತ್ತಂತೆ.

“ಹೇಳಬಾರದಿತ್ತಾ?”

“ನೋವ ಇಲ್ಲಲ್ರೀ. ದವಾಖಾನ್ಯಾಗ ಹೆಣಮಕ್ಕಳು ಕೂತಿರ್ತಾರ. ಅವರ ಮುಂದ ಏನಂತ ಹೇಳೂದು?”

ಅಂದೇ ಬಿನ್ ಒಮ್ರಾನ್‌ನ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆ. ಅಲ್ಲಿಯವರು ತಡಮಾಡದೆ ಯೂರಾಲಜಿಸ್ಟ್ ಬಳಿಗೆ ಕಳಿಸಿದರು. ಕೇರಳದ ಹಿರಿಯ ಡಾಕ್ಟರು, ಮೆಲುದನಿಯವರು. ಹಿಂದಿಯಲ್ಲಿ ಒಂದೊಂದಾಗಿ ಕೇಳಿದರು. ಇಪ್ಪತ್ತು ವರ್ಷ ಸಿಗರೇಟು ಸೇದಿದ್ದನ್ನು ಬಸವರಾಜರು ಒಪ್ಪಿಕೊಂಡರು.

“ಮೊದಲ ಸಲ ಕಂಡಾಗಲೇ ಯಾಕೆ ಬರಲಿಲ್ಲ?”

ಬಸವರಾಜರು ನನ್ನತ್ತ ನೋಡಲಿಲ್ಲ. “ನೋವಿರಲಿಲ್ಲ,” ಎಂದಷ್ಟೇ ಹೇಳಿದರು.

“ಕಲ್ಲಾದರೆ ಹೆಚ್ಚಾಗಿ ನೋವೇ ಕೈಹಿಡಿದು ಕರಕೊಂಡು ಬರುತ್ತದೆ,” ಎಂದರು ಡಾಕ್ಟರು. “ನೋವಿಲ್ಲದೆ ರಕ್ತ ಕಂಡರೆ ನೀವಾಗಿಯೇ ಬರಬೇಕು. ಒಂದೇ ಸಲವಾದರೂ ಸರಿ, ತಾನಾಗಿ ನಿಂತರೂ ಸರಿ.”

ಸಣ್ಣ ಕೊಳವೆಯಲ್ಲಿ ಒಳಗೆ ನೋಡಿದಾಗ ಮೂತ್ರಚೀಲದ ಗೋಡೆಯಲ್ಲಿ ಒಂದು ಗಡ್ಡೆ ಕಂಡಿತು. ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ಆ ದಿನಗಳಲ್ಲಿ ಬಸವರಾಜರು ಊಟ ಮಾಡಿದರು, ನನಗೆ ಇಳಿಯಲಿಲ್ಲ. ಒಂದು ಸಂಜೆ ತಟ್ಟೆ ಸರಿಸಿ ಹೇಳಿಬಿಟ್ಟೆ: “ತಪ್ಪು ನನ್ನದು. ಆವತ್ತೇ ನಿಮ್ಮನ್ನು ಕಳಿಸಬೇಕಿತ್ತು.”

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ನೀವು ಕಲ್ಲು ಅಂದ್ರಿ. ನನಗೂ ಅದು ಕಲ್ಲ ಆಗಬೇಕಾಗಿತ್ತು. ಅದಕ್ಕ ನಂಬಿದ್ನಿ.”

ಕಲ್ಲಾಗಿರಲಿಲ್ಲ. ಕ್ಯಾನ್ಸರ್ ಆಗಿತ್ತು. ಆದರೆ ಅದರ ಬೇರು ಚೀಲದ ಸ್ನಾಯುವಿಗಿನ್ನೂ ಇಳಿದಿರಲಿಲ್ಲ. ಇನ್ನಷ್ಟು ತಡವಾಗಿದ್ದರೆ ಎಂದು ಡಾಕ್ಟರು ಆರಂಭಿಸಿದ ವಾಕ್ಯವನ್ನು ಮುಗಿಸಲಿಲ್ಲ, ನಾವೂ ಕೇಳಲಿಲ್ಲ. ಕೆಲವು ವಾರ ಮೂತ್ರಚೀಲಕ್ಕೇ ಔಷಧಿ ಹಾಕಿದರು. ಈಗ ಮೂರು ತಿಂಗಳಿಗೊಮ್ಮೆ ಒಳಗೆ ನೋಡುತ್ತಾರೆ. ಬಸವರಾಜರು ಸಿಗರೇಟು ಬಿಟ್ಟಿದ್ದಾರೆ. ಯಾರಾದರೂ ಕೇಳಿದರೆ, ಮೂತ್ರದಾಗ ರಕ್ತ ಬಂದಿತ್ತು ಎಂದು ಹೆಣ್ಣುಗಂಡೆನ್ನದೆ ನೇರ ಹೇಳುತ್ತಾರೆ. ಕೇಳಿಸಿಕೊಂಡು ಕಿವಿ ಕೆಂಪಾಗುವುದು ನನ್ನದು.

ನನ್ನ ಕಥೆಯೂ ಸ್ವಲ್ಪ ಇದೆ. ಒಂದು ವರ್ಷದಿಂದ ನಾನು ಒಂದಕ್ಕೆ ಹೋದರೆ ಶುರುವಾಗಲು ಹೊತ್ತು ಹಿಡಿಯುತ್ತದೆ, ಮುಗಿದರೂ ಮುಗಿದಂತೆ ಆಗುವುದಿಲ್ಲ. ವಯಸ್ಸಿನ ತಲೆಗೆ ಕಟ್ಟಿ ಕೂತಿದ್ದೆ. ಕಳೆದ ವಾರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಹೊರಟಾಗ ಬಸವರಾಜರು ಕರೆಯದೆಯೇ ಬೂಟು ಹಾಕಿಕೊಂಡು ಬಂದರು. ಲಿಫ್ಟಿನಲ್ಲಿ ನನ್ನ ಮುಖ ನೋಡಿ ಕೇಳಿದರು:

“ಏನರ ಆಗೇತೇನ್ರೀ?”

“ಗೊತ್ತಿಲ್ಲ ಮಾರಾಯ್ರೆ,” ಎಂದೆ. “ಗೊತ್ತಿಲ್ಲ ಅಂತಲೇ ಹೋಗ್ತಾ ಇರೋದು.”