ಕೆರೆಯಂಚಿನ ಹೊನಗೊನ್ನೆ ಸೊಪ್ಪು

ಐವತ್ತರ ದಶಕದ ಕೊನೆಯಲ್ಲಿ ನಮ್ಮ ಅಲ್ಲಾಳಸಂದ್ರದಲ್ಲಿ ಸೊಪ್ಪನ್ನು ಕೊಂಡು ತರುವವರೇ ಇರಲಿಲ್ಲ. ಕೆರೆಯಂಚಿನ ತೇವದಲ್ಲಿ ಹೊನಗೊನ್ನೆ ತಾನಾಗಿಯೇ ಹಬ್ಬಿರುತ್ತಿತ್ತು. ಎಲೆಯ ಬುಡಕ್ಕೆ ಅಂಟಿಕೊಂಡ ಪುಟ್ಟ ಬಿಳಿ ಹೂವೇ ಅದರ ಗುರುತು. ಅಮ್ಮ ಅದನ್ನು ತೊಗರಿಬೇಳೆಯೊಂದಿಗೆ ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು ಮಾಡುತ್ತಿದ್ದಳು. ಉಳಿದ ಸೊಪ್ಪು ಪಲ್ಯವಾಗುತ್ತಿತ್ತು. ಒಲೆಯ ಹೊಗೆಗೆ ಕಣ್ಣು ಉರಿದರೆ ಅದರ ಎಲೆಯನ್ನೇ ಅರೆದು ಮುಚ್ಚಿದ ರೆಪ್ಪೆಯ ಮೇಲಿಡುತ್ತಿದ್ದಳು.

ಒಂದು ದಿನ ಅಕ್ಕನನ್ನು ನೋಡಲು ಮಾಕಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹೇಗಿದ್ದರೂ ಅವರು ಬರುವುದು ಮಧ್ಯಾಹ್ನ ತಾನೇ ಎಂದು ಅಕ್ಕನೂ ನಾನೂ ಬೆಳಿಗ್ಗೆ ಸೊಪ್ಪಿಗೆ ಹೋದೆವು. ಅಕ್ಕ ಲಂಗ ಎತ್ತಿಕಟ್ಟಿ ಕೆಸರಿನಲ್ಲಿ ನಿಂತಿದ್ದಾಗ, ಗುರುತಿಲ್ಲದ ಹೆಂಗಸೊಬ್ಬರು ಕಾಲು ತೊಳೆಯಲು ನೀರಿಗಿಳಿದರು.

“ಹೊನಗೊನ್ನೆ ಅಲ್ವೇನವ್ವ? ಬೇರು ಸಮೇತ ಕೀಳ್ಬ್ಯಾಡ ಕಣೆ.”

“ಇಲ್ಲಮ್ಮ, ಕುಡಿ ಅಷ್ಟೇ ಚಿವುಟ್ತಾ ಇವ್ನಿ. ಬರೋ ವಾರ ಮತ್ತೆ ಬೇಕಲ್ಲ.”

ಆಕೆಯೂ ಸೆರಗು ಸಿಕ್ಕಿಸಿಕೊಂಡು ಬಿಡಿಸತೊಡಗಿದರು. ಸಾರಿಗೆ ಬೆಳ್ಳುಳ್ಳಿ ಸುಟ್ಟು ಹಾಕಬೇಕೋ ಹಸಿಯದೋ ಎಂದು ಇಬ್ಬರಿಗೂ ವಾದವೇ ಆಯಿತು. ಅಕ್ಕ ಸೋಲಲಿಲ್ಲ. ಕೊನೆಗೆ ಆಕೆ, “ಯಾರ ಮನೆ ಹುಡುಗೀನೆ ನೀನು?” ಎಂದರು. ಅಕ್ಕ ಬೇವಿನ ಮರದ ಪಕ್ಕದ ನಮ್ಮ ಮನೆ ತೋರಿಸಿದಳು.

“ಅಯ್ಯೋ ನನ್ ಕಂದಾ, ನಾವ್ ಬಂದಿರೋದೂ ಅಲ್ಲಿಗೇ ಕಣೆ! ಬಸ್ಸು ಬೇಗ ಸಿಕ್ತು. ಗಂಡಸ್ರೆಲ್ಲ ಮುಂದೆ ಹೋದ್ರು.”

ಅಕ್ಕ ನಾಚಿ ಓಡಲು ನೋಡಿದಳು. ಆಕೆ ಅವಳ ಕೆಸರುಗೈಯನ್ನೇ ಹಿಡಿದುಕೊಂಡು ನಕ್ಕುಬಿಟ್ಟರು.

ಮನೆಯಲ್ಲಿ, ಜೊತೆಗೆ ಬಂದಿದ್ದ ಹಿರಿಯರೊಬ್ಬರು ಹುಡುಗಿ ಒಂದು ಹಾಡು ಹೇಳಲಿ ಎಂದಾಗ, ಹುಡುಗನ ತಾಯಿಯಾದ ಆಕೆಯೇ ತಡೆದರು. “ಹಾಡು ಬ್ಯಾಡಿ. ನಾನು ನೋಡೋದೆಲ್ಲ ನೋಡಾಯ್ತು. ಮುದ್ದೆ ಇಕ್ಸಿ.” ಆ ದಿನದ ಸಾರು ಅಕ್ಕನದೇ. ಹುಡುಗ ಊಟದೆಲೆಯಿಂದ ತಲೆಯೆತ್ತಲಿಲ್ಲ. ಮತ್ತೊಂದು ಮುದ್ದೆ ಹಾಕಿಸಿಕೊಂಡದ್ದನ್ನೇ ಎಲ್ಲರೂ ಒಪ್ಪಿಗೆ ಎಂದುಕೊಂಡರು.

ಮದುವೆಯಾಯಿತು. ಚೊಚ್ಚಲ ಬಾಣಂತನಕ್ಕೆ ಅಕ್ಕ ನಮ್ಮಲ್ಲಿದ್ದಾಗ, ಅವಳ ಅತ್ತೆ ಒದ್ದೆ ಬಟ್ಟೆಯಲ್ಲಿ ಹೊನಗೊನ್ನೆ ಸುತ್ತಿಕೊಂಡು ಮಾಕಳಿಯಿಂದ ಬಂದರು. ಬಾಣಂತಿಗೆ ಹಾಲು ಹೆಚ್ಚಲೆಂದು.

“ನಮ್ ಕೆರೆ ತುಂಬಾ ಐತಲ್ಲ ಬೀಗ್ತಿ,” ಎಂದಳು ಅಮ್ಮ.

“ಇರ್ಲಿ ಬುಡಿ. ನನ್ ಸೊಸೆಗೆ ಅಂತ ನಾನೇ ತಂದಿದ್ದು.”

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಆಕೆ ನಡುಮನೆಯಲ್ಲಿ ಕೂತರು. ಎದುರಿಗೆ ಅಮ್ಮ ಸೊಪ್ಪು ಸೋಸುತ್ತಿದ್ದಳು. ಇಬ್ಬರ ಮಾತು ಸಂಜೆಯವರೆಗೂ ಮುಗಿಯಲಿಲ್ಲ.